ಜಗಲಿಯ ಮಾತು: ಬಿಟ್ಟು ಬಂದ ಕುರ್ಚಿ



ಸಂಘದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತ ಮೇಲೆ ಮೂರು ಪ್ರಶ್ನೆಗಳು ಯಾರಿಗೂ ತಪ್ಪುವುದಿಲ್ಲ. ಊರಿನಲ್ಲಿ ಮಳೆ ಹೇಗೆ, ಮಗಳಿಗೆ ಗಂಡು ಗೊತ್ತಾಯಿತೇ, ಪಗಾರ ಎಷ್ಟು? ಮೊದಲಿನ ಎರಡಕ್ಕೆ ಜನ ಬಾಯ್ತುಂಬ ಉತ್ತರ ಹೇಳುತ್ತಾರೆ. ಮೂರನೆಯದಕ್ಕೆ ಮಾತ್ರ ಪಾಯಸದ ಬೋಗುಣಿ ಎಲ್ಲಿಯವರೆಗೆ ಬಂತೆಂದು ನೋಡತೊಡಗುತ್ತಾರೆ. ಆದರೆ ಈ ಸಲದ ಸತ್ಯನಾರಾಯಣ ಪೂಜೆಯ ದಿನ ನನ್ನ ಬಲಗಡೆಯ ಎಲೆಗೆ ಕುಳಿತಿದ್ದ ತರುಣನೊಬ್ಬನು, ನಾನು ಕೇಳುವ ಮೊದಲೇ ಮೂರನೆಯ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟನು.

"ಪಗಾರ ಹೆಚ್ಚಾಗೇದರಿ ಕಾಕಾ. ಆದರ ನನಗ ಹಳೇ ನೌಕರಿನೇ ಬೇಕಾಗೇದ."

ಹುಡುಗ ಧಾರವಾಡದ ಕಡೆಯವನು. ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಆರು ವರ್ಷ ಇದ್ದವನು, ನಾಲ್ಕು ತಿಂಗಳ ಕೆಳಗೆ ರಾಜೀನಾಮೆ ಕೊಟ್ಟು ಒಂದು ಖಾಸಗಿ ಕಂಪನಿ ಸೇರಿದ್ದನು. ಪಗಾರ ಹೆಚ್ಚುಕಡಿಮೆ ಎರಡು ಪಟ್ಟು. ಈಗ ರಾತ್ರಿ ನಿದ್ದೆಯಿಲ್ಲ. ಹಳೆಯ ಕಚೇರಿಗೆ ಒಂದು ಅರ್ಜಿ ಹಾಕಿದರೆ ತಿರುಗಿ ತೆಗೆದುಕೊಳ್ಳುತ್ತಾರೋ ಎಂಬುದು ಅವನ ಪ್ರಶ್ನೆ. ಸಾರು ಬಡಿಸುವವರು ಬಂದರು, ಅವನು ಬೇಡವೆಂದು ಕೈ ಅಡ್ಡ ಹಿಡಿದನು. ಇಪ್ಪತ್ತೆಂಟು ವರ್ಷದ ಹುಡುಗ ಸಂಘದ ಊಟದಲ್ಲಿ ಸಾರು ಬೇಡವೆನ್ನಬೇಕಾದರೆ ಸಂಗತಿ ಸಣ್ಣದಲ್ಲವೆಂದು ನನಗೆ ತಿಳಿಯಿತು.

ಅನ್ನ ಸಾರಿನ ನಡುವೆ ಉತ್ತರಿಸುವ ಪ್ರಶ್ನೆ ಅದಲ್ಲ. ಮೇಲಾಗಿ ಅದೇ ಪ್ರಶ್ನೆಯನ್ನು ನಾನೂ ಒಂದು ಕಾಲಕ್ಕೆ ಎದೆಯಲ್ಲಿಟ್ಟುಕೊಂಡು ಜೋಗೇಶ್ವರಿಯ ರಸ್ತೆಗಳಲ್ಲಿ ತಿರುಗಿದವನು. ಆದುದರಿಂದ ಅವನಿಗೆ ಹೇಳಿದ್ದನ್ನೂ, ಅಂದು ಹೇಳಲಾಗದೆ ಉಳಿದದ್ದನ್ನೂ ಈ ಸಲದ ಜಗಲಿಯಲ್ಲಿ ಬರೆಯುತ್ತೇನೆ.

ನಾನು ಲೆಕ್ಕ ಬರೆಯುವವನು. ಜೋಗೇಶ್ವರಿ ಪೂರ್ವದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರಖಾನೆ. ಅಲ್ಲಿ 2004ರಿಂದ 2023ರವರೆಗೆ, ಹತ್ತೊಂಬತ್ತು ವರ್ಷ ಲೆಕ್ಕದ ಮೇಜು ನನ್ನದಾಗಿತ್ತು. ಮಾಲಕರು ಗುಜರಾತಿ ಶೇಟರು. ಅವರು ನನ್ನನ್ನು ಕರೆಯುತ್ತಿದ್ದುದು ಮೆಹ್ತಾಜಿ ಎಂದು. ಗುಜರಾತಿಯವರ ಪೇಢಿಯಲ್ಲಿ ಲೆಕ್ಕ ಬರೆಯುವವನು ಕುಂದಾಪುರದವನಾದರೂ ಮೆಹ್ತಾಜಿಯೇ. ಕೂಲಿ ಹಂಚುವುದು, ಚಲನ್ ಬರೆಯುವುದು, ಬ್ಯಾಂಕಿಗೆ ಹೋಗುವುದು, 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಅದರ ತಲೆಬಿಸಿ, ಹಮಾಲರ ಜಗಳ ಬಿಡಿಸುವುದು ಎಲ್ಲವೂ ನನ್ನದೇ. ಮನೆಯಿಂದ ಕಾರಖಾನೆಗೆ ಹತ್ತು ನಿಮಿಷದ ನಡಿಗೆ. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬಂದು, ಅಮ್ಮನಿಗೆ ಅನ್ನ ಕಲಸಿಕೊಟ್ಟು, ನಾನೂ ಉಂಡು, ಎರಡು ಗಂಟೆಗೆ ತಿರುಗಿ ಮೇಜಿಗೆ ಹಾಜರು. ಮನೆಯವಳು ಶಾಲೆಯ ಶಿಕ್ಷಕಿ, ಸಂಜೆಗೆ ಮೊದಲು ಬರುವಂತಿಲ್ಲ. ಆದಕಾರಣ ಮಧ್ಯಾಹ್ನದ ಆ ಒಂದು ಗಂಟೆ ನಮ್ಮ ಸಂಸಾರದ ನಡುಗಂಬವಾಗಿತ್ತು. ಅದು ನಡುಗಂಬವೆಂದು ನಮಗೆ ಗೊತ್ತಾದದ್ದು ಕಿತ್ತ ಮೇಲೆ.

ಮಂಗಳವಾರ ಸಂಜೆ ಅಮ್ಮನನ್ನು ಜೋಗೇಶ್ವರಿ ಗುಹೆಗೆ ಕರೆದುಕೊಂಡು ಹೋಗುವ ಪರಿಪಾಠವಿತ್ತು. ನಮ್ಮ ಉಪನಗರಕ್ಕೆ ಹೆಸರು ಕೊಟ್ಟ ದೇವಿ ಅಲ್ಲಿಯೇ ಇದ್ದಾಳೆ. ಆರನೆಯ ಶತಮಾನದಲ್ಲಿ ಬಂಡೆಯನ್ನು ಕೊರೆದು ಮಾಡಿದ ಶಿವಾಲಯ. ಸುತ್ತ ಮನೆಗಳು ಮುತ್ತಿಕೊಂಡಿವೆ. ಮೆಟ್ಟಿಲು ಇಳಿದು ಒಳಗೆ ಹೋದರೆ ಮಾತ್ರ ಮುಂಬಯಿಯ ಸದ್ದು ಮೇಲೆಯೇ ಉಳಿದುಬಿಡುತ್ತದೆ. ಆ ಮೆಟ್ಟಿಲು ಇಳಿಯುವಾಗ ಅಮ್ಮ ನನ್ನ ಮೊಣಕೈ ಹಿಡಿದುಕೊಳ್ಳುತ್ತಿದ್ದಳು. ಮೇಲೆ ಬಂದ ಮೇಲೂ ಬಿಡುತ್ತಿರಲಿಲ್ಲ.

ಹೀಗಿರುವಾಗ 2023ರಲ್ಲಿ ಮಗಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಜಾಗ ಸಿಕ್ಕಿತು. ಫೀಸಿನ ಚೀಟಿ ನೋಡಿದಾಗ ನನ್ನ ಹತ್ತೊಂಬತ್ತು ವರ್ಷದ ಪಗಾರವೆಲ್ಲ ಸಾಲಾಗಿ ಕಣ್ಣ ಮುಂದೆ ಬಂದು ತಲೆ ತಗ್ಗಿಸಿ ನಿಂತಿತು. ಅದೇ ಹೊತ್ತಿಗೆ ಪರಿಚಿತರೊಬ್ಬರು ಲೋವರ್ ಪರೇಲಿನ ದೊಡ್ಡ ಕಂಪನಿಯೊಂದರ ಲೆಕ್ಕವಿಭಾಗಕ್ಕೆ ನನ್ನ ಹೆಸರು ಹೇಳಿದರು. ಮೂವತ್ತೆರಡು ಸಾವಿರ ಕೈಗೆ ಬರುತ್ತಿದ್ದಲ್ಲಿ ಐವತ್ತು ಸಾವಿರ. ಯಾರು ಬೇಡವೆಂದಾರು? ನಾನೂ ಎನ್ನಲಿಲ್ಲ. ಜೂನ್ ತಿಂಗಳಲ್ಲಿ ಶೇಟರ ಕೈಗೆ ಕಾಗದ ಕೊಟ್ಟೆ. ಅವರು ಓದಿ, ಮಡಚಿ, ಮೇಜಿನ ಖಾನೆಯಲ್ಲಿಟ್ಟು, ಚಹಾ ತರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಶೇಟರು ತಾವಾಗಿ ನನಗೆ ಚಹಾ ತರಿಸಿದ್ದು ಅದೇ ಮೊದಲು.

ಹೊಸ ಕಂಪನಿಯ ಮೇಲೆ ನನ್ನ ದೂರೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಪಗಾರ ತಿಂಗಳ ಕೊನೆಯ ದಿನ ತಪ್ಪದೆ ಬರುತ್ತದೆ. ಮಾತು ಸಭ್ಯ, ಗಾಳಿ ತಂಪು. ತೊಡಕು ಇದ್ದದ್ದು ಬೇರೆ ಕಡೆ. ಜೋಗೇಶ್ವರಿಯಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲವೆಂಬುದು ನಿಮಗೆಲ್ಲ ಗೊತ್ತು. ಸ್ಲೋ ಗಾಡಿಯಲ್ಲಿ ಅಂಧೇರಿಯಿಂದ ತೊಡಗಿ ಹತ್ತನೆಯ ನಿಲ್ದಾಣ ಲೋವರ್ ಪರೇಲ್. ಅಷ್ಟೂ ದೂರ ಒಂದು ಕಾಲಿನ ಮೇಲೆ ನಿಂತರೆ ಇನ್ನೊಂದು ಕಾಲಿಗೆ ಜಾಗ ಸಿಕ್ಕುವುದು ದಾದರಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಮೊದಲು ಮನೆ ಬಿಟ್ಟರೆ ತಿರುಗಿ ಬರುವಾಗ ರಾತ್ರಿ ಒಂಬತ್ತು. ಕಚೇರಿಯಲ್ಲಿ ಲೆಕ್ಕವಿಭಾಗದಲ್ಲಿಯೇ ನಲವತ್ತು ಜನ. ನನ್ನ ಪಾಲಿಗೆ ಬಂದದ್ದು ಒಂದೇ ತರಹದ ಬಿಲ್ಲುಗಳನ್ನು ತಾಳೆ ನೋಡುವ ಕೆಲಸ. ಪೆಟ್ಟಿಗೆ ಕಾರಖಾನೆಯಲ್ಲಿ ಲೆಕ್ಕದ ಆದಿಯೂ ಅಂತ್ಯವೂ ನನ್ನ ಕೈಯಲ್ಲಿತ್ತು. ಇಲ್ಲಿ ನಡುವಿನ ಒಂದು ಗೇಣು ಮಾತ್ರ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅಭ್ಯಾಸಬಲದಿಂದ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಹೆಚ್ಚಾದ ಪಗಾರ ಹದಿನೆಂಟು ಸಾವಿರ. ಅಮ್ಮನನ್ನು ಹಗಲು ನೋಡಿಕೊಳ್ಳಲು ಬರುವ ಹೆಂಗಸಿಗೆ ಒಂಬತ್ತು ಸಾವಿರ. ಮೊದಲು ನಾನೇ ಗಣಿತ ಹೇಳಿಕೊಡುತ್ತಿದ್ದ ಮಗನಿಗೆ ಈಗ ಟ್ಯೂಶನ್ನು, ಎರಡೂವರೆ ಸಾವಿರ. ರೈಲಿನ ಪಾಸು, ರಿಕ್ಷಾ ಸೇರಿ ಒಂದು ಸಾವಿರದ ಎಂಟುನೂರು. ಹೊರಗಿನ ಊಟ, ಚಹಾ ಒಂದು ಸಾವಿರದ ಏಳುನೂರು. ಒಟ್ಟು ಹದಿನೈದು ಸಾವಿರ. ಉಳಿದದ್ದು ಮೂರು. ಇನ್ನು ಸಮಯ: ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಇಪ್ಪತ್ತೈದು ದಿನ, ಎಪ್ಪತ್ತೈದು ಗಂಟೆ ಮನೆಯ ಖಾತೆಯಿಂದ ಖರ್ಚು. ಅಂದರೆ ನನ್ನ ಅಮ್ಮನ ಮಧ್ಯಾಹ್ನವನ್ನೂ ಮಗನ ಸಂಜೆಯನ್ನೂ ಗಂಟೆಗೆ ನಲವತ್ತು ರೂಪಾಯಿಯ ದರದಲ್ಲಿ ಮಾರಿದ್ದೆ. ಲೆಕ್ಕದವನೇ ಇಂಥ ವ್ಯಾಪಾರ ಮಾಡಿದನಲ್ಲ ಎಂದು ನಾಚಿಕೆಯಾಯಿತು.

ಆದರೆ ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಆ ಲೆಕ್ಕವಲ್ಲ. ಅಮ್ಮನಿಗೆ ಎಂಬತ್ತೆರಡು. ಮರೆವು ಮೆಲ್ಲಗೆ ಶುರುವಾಗಿತ್ತು. ನಾನು ಹೊರಡುವಾಗ ಅವಳು ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿರುತ್ತಿದ್ದಳು. ಅದೇ ಭಾನುವಾರ ಮಧ್ಯಾಹ್ನ ಅನ್ನದ ತಟ್ಟೆ ಹಿಡಿದು ಹತ್ತಿರ ಕುಳಿತಾಗ ನನ್ನ ಮುಖ ನೋಡಿ ಸಂತೋಷದಿಂದ ಕೇಳಿದಳು: "ಊರಿಂದ ಯಾವಾಗ ಬಂದದ್ದು ಮಗಾ?"

ನಾನು ಊರಿಗೆ ಹೋಗಿರಲಿಲ್ಲ. ಜೋಗೇಶ್ವರಿಯಲ್ಲಿಯೇ ಇದ್ದೆ. "ನಿನ್ನೆ ಬಂದೆ ಅಮ್ಮ" ಎಂದೆ.

ಅಂದಿನಿಂದ ಹಳೆಯ ಮೇಜಿನ ಧ್ಯಾನ ಹಿಡಿಯಿತು. ಅಂಟಿನ ವಾಸನೆ, ರಟ್ಟು ಕತ್ತರಿಸುವ ಯಂತ್ರದ ಸದ್ದು, ಹಮಾಲರ ನಗು ಎಲ್ಲವೂ ಸ್ವರ್ಗದಂತೆ ಕಾಣತೊಡಗಿತು. ಇದನ್ನೆಲ್ಲ ಒಂದು ರಾತ್ರಿ ಮನೆಯವಳಿಗೆ ತೋಡಿಕೊಂಡೆ. ಅವಳು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಕೆಂಪು ಪೆನ್ನು ಕೆಳಗಿಟ್ಟು, "ಹತ್ತೊಂಬತ್ತು ವರ್ಷ ಆ ಶೇಟರನ್ನು ದಿನಾ ಬೈದದ್ದು ಯಾರು? ನಾನೋ?" ಎಂದಳು.

ಮಾತು ಸತ್ಯ. ಪಗಾರ ಏಳನೆಯ ತಾರೀಖಿಗೆ ಎಂದು ಹೇಳಿ ಹನ್ನೆರಡಕ್ಕೆ ಕೊಡುತ್ತಿದ್ದ ಶೇಟರು. ದೀಪಾವಳಿಯ ಬೋನಸನ್ನು ಹೊಸ ವರ್ಷದವರೆಗೆ ಎಳೆಯುತ್ತಿದ್ದ ಶೇಟರು. ಮೇ ತಿಂಗಳಲ್ಲಿ ನನ್ನ ತಲೆಯ ಮೇಲಿನ ಪಂಖ ಕೆಟ್ಟರೆ, ಮಳೆ ಬರುತ್ತದಲ್ಲ ಎನ್ನುತ್ತಿದ್ದ ಶೇಟರು. ಇವರೆಲ್ಲ ಎಲ್ಲಿಗೆ ಹೋದರು? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಹೊಸ ನೌಕರಿಗೆ ಮಾತ್ರ ಹೇಳುತ್ತೇವೆ. ಬಿಟ್ಟು ಬಂದ ಬೆಟ್ಟವೂ ದೂರವಾದಂತೆ ನುಣ್ಣಗಾಗುತ್ತದೆಂಬುದನ್ನು ಮರೆಯುತ್ತೇವೆ. ಅದನ್ನು ಹತ್ತುವಾಗ ಕಾಲಿಗೆ ಚುಚ್ಚಿದ ಕಲ್ಲುಗಳು ಇಲ್ಲಿಂದ ಕಾಣುವುದಿಲ್ಲ.

"ನಿಮಗೆ ಬೇಕಾದದ್ದು ಏನೆಂದು ಮೊದಲು ಒಂದು ಕಾಗದದಲ್ಲಿ ಬರೆಯಿರಿ. ಬರೇ ಹಳೆಯ ಕೆಲಸ ಎಂದು ಬರೆಯಬೇಡಿ. ಅದರಲ್ಲಿ ಏನು, ಅದನ್ನು ಬರೆಯಿರಿ," ಎಂದು ಮನೆಯವಳು ಆಜ್ಞೆ ಮಾಡಿದಳು. ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಬರೆಯಲು ಕಲಿಸಿದವಳು; ಮೀರುವುದುಂಟೇ? ಬರೆದೆ. ಮಧ್ಯಾಹ್ನದ ಒಂದು ಗಂಟೆ. ಮಂಗಳವಾರದ ಗುಹೆ. ಮಗನ ಗಣಿತ. ನನ್ನನ್ನು ಮುಖ ನೋಡಿ ಗುರುತಿಸುವ ಜನ. ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸುವ ತೃಪ್ತಿ. ಐದು ಬಾಬುಗಳು. ಐದರಲ್ಲಿ ಒಂದೂ ಪಗಾರದ ಚೀಟಿಯಲ್ಲಿ ಎಂದೂ ನಮೂದಾಗಿರಲಿಲ್ಲ. ಹಾಗಾಗಿ ಬಿಡುವಾಗ ಅವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆದರೂ ಆಸೆ ಬಿಡಲಿಲ್ಲ. 2024ರ ಜನವರಿಯಲ್ಲಿ ಒಂದು ಶನಿವಾರ ಕಾರಖಾನೆಗೆ ಹೋದೆ. ಶೇಟರು ಸುತ್ತುಬಳಸಿ ಮಾತಾಡುವವರಲ್ಲ, ನಾನೂ ನೇರವಾಗಿಯೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಹ್ತಾಜಿ, ಸೋಮವಾರ ಬನ್ನಿ. ಮೂವತ್ತೈದು ಕೊಡುತ್ತೇನೆ. ಹುಡುಗನಿಗೆ ನಾನು ಹೇಳುತ್ತೇನೆ," ಎಂದರು.

ಹುಡುಗ. ಹೌದು, ನನ್ನ ಮೇಜಿನಲ್ಲಿ ಒಬ್ಬ ಹುಡುಗನಿದ್ದನು. ಇಂಡಿ ತಾಲೂಕಿನವನು. ಬಿ.ಕಾಂ. ಮುಗಿಸಿ ಮುಂಬಯಿಗೆ ಬಂದು ಕೆಲಸವಿಲ್ಲದೆ ಸಂಘದ ಬಾಗಿಲಿಗೆ ಬಂದಾಗ, ಅವನನ್ನು ಶೇಟರ ಬಳಿಗೆ ಕರೆದುಕೊಂಡು ಹೋದವನು ನಾನೇ. ಹೊರಡುವ ಮೊದಲು ಒಂದು ತಿಂಗಳು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವನೂ ನಾನೇ. ನಾನು ಹೊರಗೆ ಬಂದಾಗ ಅವನು ಎದ್ದು ನಿಂತು ತನ್ನ ಕುರ್ಚಿಯನ್ನು ನನ್ನ ಕಡೆ ಸರಿಸಿದನು. "ಕೂಡ್ರಿ ಸರ. ನಿಮ್ಮದ ಕುರ್ಚಿ," ಎಂದನು. ಆಮೇಲೆ ಸಂಕೋಚದಿಂದ, ಮದುವೆ ಗೊತ್ತಾಗಿದೆಯೆಂದೂ, ಹತ್ತಿರದಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದು ಡಿಪಾಜಿಟ್ಟು ಕೊಟ್ಟಿರುವನೆಂದೂ, ನಾನು ಮದುವೆಗೆ ಬರಲೇಬೇಕೆಂದೂ ಹೇಳಿದನು.

ನಾನು ಆ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಚಹಾ ಕುಡಿದೆ. ಶೇಟರಿಗೆ ಸೋಮವಾರ ಫೋನು ಮಾಡಿ, ಬರುವುದಿಲ್ಲವೆಂದು ತಿಳಿಸಿದೆ. ಇದನ್ನು ದೊಡ್ಡ ತ್ಯಾಗವೆಂದು ಯಾರೂ ಎಣಿಸಬೇಡಿ. ನಾನು ಹಳೆಯ ಕುರ್ಚಿಯನ್ನು ಬಯಸಿದಷ್ಟು ದಿನವೂ ಅದು ಖಾಲಿಯಾಗಿ ನನ್ನ ದಾರಿ ಕಾಯುತ್ತಿದೆಯೆಂದು ಕಲ್ಪಿಸಿಕೊಂಡಿದ್ದೆ. ಖಾಲಿ ಕುರ್ಚಿ ಎಲ್ಲಿಯೂ ಇರುವುದಿಲ್ಲ. ನಾವು ಎದ್ದ ಜಾಗದಲ್ಲಿ ಇನ್ನೊಬ್ಬರ ಸಂಸಾರ ಕುಳಿತಿರುತ್ತದೆ.

ನನ್ನದು ಶೇಟರ ಅಂಗಡಿ. ಅಲ್ಲಿ ಶೇಟರ ಮಾತೇ ಕಾಯಿದೆ. ಆದರೆ ಪಂಕ್ತಿಯ ತರುಣನದು ಸರಕಾರಿ ನೌಕರಿ. ಅಲ್ಲಿ ಹಿಂದಕ್ಕೆ ಬರುವ ಬಾಗಿಲಿಗೆ ಅಳತೆ ಉಂಟು, ಬೀಗವೂ ಉಂಟು. ಇದನ್ನು ನಮ್ಮ ಹುಡುಗರು ರಾಜೀನಾಮೆ ಬರೆಯುವ ಮೊದಲೇ ತಿಳಿದಿರಬೇಕು.

ಕೇಂದ್ರ ಸರಕಾರದ ಖಾಯಂ ನೌಕರನು ಸರಿಯಾದ ದಾರಿಯಲ್ಲಿ ಅರ್ಜಿ ಹಾಕಿ ಇನ್ನೊಂದು ಸರಕಾರಿ ಇಲಾಖೆಗೆ ಹೋದರೆ, ಹಳೆಯ ಹುದ್ದೆಯ ಮೇಲೆ ಅವನ ಹಕ್ಕು ಸಾಮಾನ್ಯವಾಗಿ ಎರಡು ವರ್ಷ ಉಳಿಯುತ್ತದೆ. ಇದಕ್ಕೆ ಲೀನ್ ಎನ್ನುತ್ತಾರೆ. ಹೊಸದು ಒಗ್ಗದಿದ್ದರೆ ಅಷ್ಟರೊಳಗೆ ತಿರುಗಿ ಬರಬಹುದು. ಆದರೆ ಪೂರಾ ರಾಜೀನಾಮೆ ಕೊಟ್ಟು ಹೋದವನ ಸಂಗತಿ ಬೇರೆ. 1972ರ ಪಿಂಚಣಿ ನಿಯಮಗಳಲ್ಲಿ 26ನೆಯದು ಇದನ್ನೇ ಹೇಳುತ್ತದೆ; 2021ರ ಹೊಸ ನಿಯಮಗಳಲ್ಲೂ ಅದರ ಸಾರ ಉಳಿದುಕೊಂಡಿದೆ. ಬಲವಾದ ಕಾರಣದಿಂದ ರಾಜೀನಾಮೆ ಕೊಟ್ಟವನು ಅದನ್ನು ಹಿಂದಕ್ಕೆ ಪಡೆಯಲು ಕೇಳಬಹುದು. ಆದರೆ ಕೆಲಸ ಬಿಟ್ಟ ದಿನಕ್ಕೂ ತಿರುಗಿ ಹಾಜರಾಗುವ ದಿನಕ್ಕೂ ನಡುವೆ 90 ದಿನ ಮೀರಿರಬಾರದು, ಹುದ್ದೆಯೂ ಖಾಲಿಯಿರಬೇಕು. ಇನ್ನು ಖಾಸಗಿ ವ್ಯಾಪಾರಿ ಕಂಪನಿಯಲ್ಲಿ ಕೆಲಸಕ್ಕೆಂದೇ ರಾಜೀನಾಮೆ ಕೊಟ್ಟವನ ಅರ್ಜಿಯನ್ನು ಒಪ್ಪಲೇಬಾರದು ಎಂದಿದೆ. ನಮ್ಮ ತರುಣನಿಗೆ ನಾಲ್ಕು ತಿಂಗಳು ದಾಟಿತ್ತು, ಹೋದದ್ದು ಖಾಸಗಿ ಕಂಪನಿಗೆ. ಎರಡೂ ಬೀಗ ಬಿದ್ದಿದ್ದವು.

ಬಾಗಿಲು ನಿಜವಾಗಿ ತೆರೆದಿರುವುದು ರಾಜೀನಾಮೆ ಜಾರಿಗೆ ಬರುವ ಮೊದಲು. ಇದಕ್ಕೆ ಒಂದು ಸ್ವಾರಸ್ಯದ ನಿದರ್ಶನವುಂಟು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶಚಂದ್ರರು 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ತಾವು ನಿವೃತ್ತರಾಗುವುದಾಗಿ ರಾಷ್ಟ್ರಪತಿಗಳಿಗೆ ರಾಜೀನಾಮೆ ಬರೆದರು. ಜುಲೈಯಲ್ಲಿ ಮನಸ್ಸು ತಿರುಗಿತು. ಅದನ್ನು ಹಿಂದಕ್ಕೆ ಪಡೆದಿರುವೆನೆಂದು ಇನ್ನೊಂದು ಕಾಗದ ಬರೆದರು. ಹೀಗೆ ಮಾಡಬಹುದೇ ಎಂಬ ವ್ಯಾಜ್ಯ ಸುಪ್ರೀಮ್ ಕೋರ್ಟಿನವರೆಗೆ ಹೋಯಿತು. ಜಾರಿಗೆ ಬರುವ ದಿನಕ್ಕೆ ಮೊದಲು ಹಿಂದಕ್ಕೆ ಪಡೆಯಬಹುದೆಂದು 1978ರಲ್ಲಿ ತೀರ್ಪಾಯಿತು. ನ್ಯಾಯ ಹೇಳುವವರಿಗೇ ಹೀಗೆ ಎರಡು ಮನಸ್ಸಾಗುವುದಾದರೆ ಲೆಕ್ಕ ಬರೆಯುವ ನಮ್ಮ ಪಾಡೇನು?

ನಮ್ಮ ಜನಕ್ಕೆ ಇನ್ನೂ ಹತ್ತಿರದ ಉದಾಹರಣೆ ಬ್ಯಾಂಕುಗಳದು. ಕೆನರಾ ಬ್ಯಾಂಕು ಮಂಗಳೂರಿನಲ್ಲಿ 1906ರಲ್ಲಿ, ಕಾರ್ಪೊರೇಶನ್ ಬ್ಯಾಂಕು ಉಡುಪಿಯಲ್ಲಿ ಅದೇ ವರ್ಷ, ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ 1925ರಲ್ಲಿ, ವಿಜಯಾ ಬ್ಯಾಂಕು ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ, ಮಗನೊಬ್ಬ ಬ್ಯಾಂಕಿನ ಕೌಂಟರಿನ ಆಚೆ ಕುಳಿತರೆ ಮುಂಬಯಿಗೆ ಬಂದದ್ದು ಸಾರ್ಥಕ. ಅಂಥ ನೌಕರಿಯನ್ನೂ ಬಿಡುವ ಕಾಲ ಬಂತು. 2000ದ ಕೊನೆ, 2001ರ ಆರಂಭದಲ್ಲಿ ಸರಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿಯ ಯೋಜನೆ ತಂದವು. ಹದಿನೈದು ವರ್ಷ ಸೇವೆಯೋ ನಲವತ್ತು ವರ್ಷ ವಯಸ್ಸೋ ಆಗಿದ್ದರೆ, ಸೇವೆಯ ಪ್ರತಿ ವರ್ಷಕ್ಕೆ 60 ದಿನದ ಸಂಬಳ, ಅಥವಾ ಉಳಿದ ಸೇವೆಯ ಸಂಬಳ, ಎರಡರಲ್ಲಿ ಕಡಿಮೆಯಾದದ್ದು ಇಡಿಗಂಟಾಗಿ ಕೈಗೆ. ದೇಶದಲ್ಲಿ ಲಕ್ಷದಷ್ಟು ಜನ ಹೊರಬಂದರು.

ಅರ್ಜಿ ಹಾಕಿದವರಲ್ಲಿ ಹಲವರಿಗೆ ಕೆಲವೇ ದಿನಗಳಲ್ಲಿ ಮನಸ್ಸು ಬದಲಾಯಿತು. ಅರ್ಜಿ ಹಿಂದಕ್ಕೆ ಕೊಡಿರೆಂದರೆ ಬ್ಯಾಂಕುಗಳು ಕೊಡಲೊಲ್ಲವು. ಅದೂ ಸುಪ್ರೀಮ್ ಕೋರ್ಟಿಗೆ ಹೋಗಿ 2002ರ ಡಿಸೆಂಬರಿನಲ್ಲಿ ಇತ್ಯರ್ಥವಾಯಿತು. ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ, ಅರ್ಜಿ ಸ್ವೀಕಾರವಾಗುವ ಮೊದಲು ಹಿಂದಕ್ಕೆ ಕೇಳಿದವರಿಗೆ ಆ ಹಕ್ಕು ಉಂಟು. ಇಡಿಗಂಟನ್ನು ಪಡೆದುಕೊಂಡವರಿಗೆ ಇಲ್ಲ. ಹಣವೂ ಇರಲಿ ಕುರ್ಚಿಯೂ ಇರಲಿ ಎಂದರೆ ನಡೆಯದು. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಮಾತನ್ನೇ ಕೋರ್ಟು ಕಾಯಿದೆಯ ಭಾಷೆಯಲ್ಲಿ ಹೇಳಿತು.

ಮುಂದಿನದು ಇನ್ನೂ ಕಠಿಣ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಅಂದು ಬಿಟ್ಟವರು ಇಂದು ಹೋಗಿ ಕೇಳೋಣವೆಂದರೂ ಆ ಹೆಸರಿನ ಫಲಕವೇ ಬಾಗಿಲ ಮೇಲಿಲ್ಲ. ಕೆಲಸದಲ್ಲಿ ಉಳಿದವರೂ ಕಾಲು ಕದಲಿಸದೆಯೇ ಹೊಸ ಬ್ಯಾಂಕಿನ ನೌಕರರಾದರು.

ನಾನು ಇಳಿಯುವ ಲೋವರ್ ಪರೇಲಿನಲ್ಲಿ ಇದು ದಿನವೂ ಕಣ್ಣಿಗೆ ಬೀಳುತ್ತದೆ. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಇಂದು ಮಾಲು. ಕಮಲಾ ಮಿಲ್ಲಿನ ಆವರಣದಲ್ಲಿ ಕಚೇರಿಗಳು, ಉಪಾಹಾರಗೃಹಗಳು. 1982ರ ಜನವರಿ 18ಕ್ಕೆ ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಹೂಡಿದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರಲ್ಲಿ ಎಷ್ಟೋ ಜನಕ್ಕೆ ಹಳೆಯ ಕೆಲಸ ತಿರುಗಿ ಸಿಕ್ಕಲೇ ಇಲ್ಲ. ಅವರು ಕೆಲಸವನ್ನು ಬಿಟ್ಟು ಹೋದವರೂ ಅಲ್ಲ; ಹೆಚ್ಚಿನ ಕೂಲಿ ಕೇಳಿದವರು. ಅವರ ಮಗ್ಗಗಳಿದ್ದ ನೆಲದ ಮೇಲೆ ತಂಪು ಗಾಳಿಯಲ್ಲಿ ಕುಳಿತು ಹಳೆಯ ಮೇಜಿಗಾಗಿ ನಿಟ್ಟುಸಿರು ಬಿಡುವಾಗ ಸ್ವಲ್ಪ ಸಂಕೋಚ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ.

ಹಾಗಾದರೆ ಮಾಡುವುದೇನು? ಮನೆಯವಳು ಬರೆಸಿದ ಕಾಗದವನ್ನು ತಿರುಗಿ ತೆಗೆದೆ. ಕುರ್ಚಿ ಸಿಕ್ಕದು, ಸರಿ. ಆದರೆ ಐದು ಬಾಬುಗಳಲ್ಲಿ ಎಷ್ಟಕ್ಕೆ ಆ ಕುರ್ಚಿಯೇ ಬೇಕು? ಫೆಬ್ರವರಿಯಲ್ಲಿ ಧೈರ್ಯ ಮಾಡಿ ನನ್ನ ಮೇಲಧಿಕಾರಿಯ ಮುಂದೆ ನಿಂತು, ಮನೆಯಲ್ಲಿ ವೃದ್ಧ ತಾಯಿ ಇರುವುದನ್ನು ತಿಳಿಸಿ, ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕೆಲಸ ಮಾಡಲು ಅನುಮತಿ ಕೇಳಿದೆ. ನನ್ನ ಮಗನಾಗುವ ವಯಸ್ಸಿನ ಅಧಿಕಾರಿ. "ಇದನ್ನು ಎಂಟು ತಿಂಗಳಿನಿಂದ ಏಕೆ ಕೇಳಲಿಲ್ಲ?" ಎಂದನು. ಕೇಳಬಹುದೆಂದು ನನಗೆ ಗೊತ್ತಿರಲಿಲ್ಲ. ಹಳೆಯ ಜಾಗದಲ್ಲಿ ಹತ್ತೊಂಬತ್ತು ವರ್ಷದಲ್ಲಿ ಗಳಿಸಿದ ಸಲಿಗೆಯನ್ನು ಹೊಸ ಜಾಗದಲ್ಲಿ ಬಾಯಿ ಬಿಟ್ಟು ಕೇಳಿ ಪಡೆಯಬೇಕಾಗುತ್ತದೆ, ಅಷ್ಟೆ.

ಅಂದಿನಿಂದ ಆರೂಕಾಲಿಗೆ ಮನೆ. ಮಗನ ಟ್ಯೂಶನ್ನು ನಿಂತಿತು. ರಾತ್ರಿ ಊಟ ಅಮ್ಮನ ಪಕ್ಕದಲ್ಲಿ. ಮಂಗಳವಾರದ ಗುಹೆ ತಿರುಗಿ ಶುರುವಾಯಿತು. ಮೆಟ್ಟಿಲು ಇಳಿಯಲು ಆಗದ ದಿನ ಮೇಲೆಯೇ ನಿಂತು ಕೈಮುಗಿದು ಬರುತ್ತಿದ್ದೆವು. ಮಧ್ಯಾಹ್ನದ ಗಂಟೆ ಮಾತ್ರ ಬರಲಿಲ್ಲ. ಅದು ಹೋಯಿತು. ಎಲ್ಲವೂ ಬಂತೆಂದು ಬರೆದರೆ ಸುಳ್ಳಾದೀತು.

ಅಮ್ಮ 2024ರ ನವೆಂಬರಿನಲ್ಲಿ ತೀರಿಕೊಂಡಳು. ಕೊನೆಯ ಒಂಬತ್ತು ತಿಂಗಳ ಸಂಜೆಗಳು ನನಗೆ ಸಿಕ್ಕಿದ್ದವು. ಆ ಅವಧಿಯಲ್ಲಿ ಊರಿಂದ ಯಾವಾಗ ಬಂದೆಯೆಂದು ಅವಳು ಒಮ್ಮೆಯೂ ಕೇಳಲಿಲ್ಲ.

ಪಂಕ್ತಿಯ ತರುಣನಿಗೆ ನಾನು ಹೇಳಿದ್ದು ಇಷ್ಟು: "ತಮ್ಮಾ, ಆ ಬಾಗಿಲು ಮುಚ್ಚಿದೆ. ಅದರ ಮುಂದೆ ಕುಳಿತು ಇನ್ನೂ ನಾಲ್ಕು ತಿಂಗಳು ಕಳೆಯಬೇಡ. ನಿನಗೆ ಅಲ್ಲಿಂದ ಏನೇನು ಬೇಕೋ ಒಂದೊಂದಾಗಿ ಬರೆ. ಯಾವುದು ಇಲ್ಲಿಯೇ ಕೇಳಿದರೆ ಸಿಕ್ಕೀತು, ಯಾವುದಕ್ಕೆ ಬೇರೆ ನೌಕರಿ ಹುಡುಕಬೇಕು, ಯಾವುದು ಹೋದದ್ದು ಹೋಯಿತು ಎಂದು ಮೂರು ಪಾಲು ಮಾಡು. ವಯೋಮಿತಿ ಇರುವವರೆಗೆ ಸರಕಾರಿ ಪರೀಕ್ಷೆಗೆ ಹೊಸಬನಂತೆ ತಿರುಗಿ ಕೂರುವುದಕ್ಕೂ ಅಡ್ಡಿಯಿಲ್ಲ. ಅದು ಹಳೆಯ ಕುರ್ಚಿಯಲ್ಲ, ಹೊಸದು." ಇನ್ನೊಂದು ಮಾತೂ ಹೇಳಿದೆ: ಕೆಲಸ ಬದಲಾಯಿಸಿದಾಗ ಭವಿಷ್ಯನಿಧಿಯ ಹಣವನ್ನು ತೆಗೆದು ಖರ್ಚು ಮಾಡದೆ ಮುಂದಿನ ಖಾತೆಗೆ ವರ್ಗ ಮಾಡಿಸಬೇಕು. ಖಾಸಗಿ ನೌಕರರಿಗೆ 1995ರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಯ ಹಕ್ಕು ಬರುವುದು ಹತ್ತು ವರ್ಷದ ಸೇವೆಗೆ. ನೊಂದ ಮನಸ್ಸಿನಲ್ಲಿ ಮಾಡುವ ಮೊದಲ ತಪ್ಪು ಸಾಮಾನ್ಯವಾಗಿ ಹಣದ್ದೇ.

ಹೊಸ ನೌಕರಿಯ ಕಾಗದ ಕೈಗೆ ಬಂದಿರುವ ವಾಚಕರು ಸಹಿ ಹಾಕುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂಡಿ ಕುಳಿತು, ಈಗಿನ ನೌಕರಿ ಚೀಟಿಯಲ್ಲಿ ಬರೆಯದೆ ಕೊಡುತ್ತಿರುವುದೇನೆಂದು ಪಟ್ಟಿ ಮಾಡಿರಿ. ಮಕ್ಕಳನ್ನೂ ಕೇಳಿರಿ. ಮನೆಯ ಹಿರಿಯರನ್ನು ಮರೆಯದೆ ಕೇಳಿರಿ. ಆಮೇಲೆ ಹೋಗಬೇಕೆನಿಸಿದರೆ ಧೈರ್ಯವಾಗಿ ಹೋಗಿರಿ. ಹೋಗುವುದೇನೂ ತಪ್ಪಲ್ಲ, ಹೋಗದೆ ಇದ್ದಿದ್ದರೆ ನಾವೆಲ್ಲ ಜೋಗೇಶ್ವರಿಯಲ್ಲಿ ಇರುತ್ತಿರಲಿಲ್ಲ.

ಇಂಡಿಯ ಹುಡುಗನಿಗೆ ಈಗ ಒಂದು ಗಂಡುಮಗು. ತಿಂಗಳಿಗೊಂದು ಶನಿವಾರ ಕಾರಖಾನೆಗೆ ಹೋಗಿ ಅವನ ಲೆಕ್ಕದಲ್ಲಿ ಏನಾದರೂ ತೊಡಕಿದ್ದರೆ ಬಿಡಿಸಿಕೊಟ್ಟು ಬರುತ್ತೇನೆ. ಶೇಟರು ಚಹಾ ತರಿಸುತ್ತಾರೆ. ನನ್ನ ತಲೆಯ ಮೇಲಿನ ಪಂಖ ಇನ್ನೂ ರಿಪೇರಿಯಾಗಿಲ್ಲ.

ಪಂಕ್ತಿಯ ತರುಣನು ಅಂದು ಮಜ್ಜಿಗೆಗೆ ಕೈ ಅಡ್ಡ ಹಿಡಿಯಲಿಲ್ಲ. ಮುಂದಿನ ಪೂಜೆಗೆ ಬಂದಾಗ ಪಟ್ಟಿ ತರುತ್ತೇನೆಂದಿದ್ದಾನೆ. ಬಂದರೆ, ಅವನು ಒಪ್ಪಿದರೆ, ನಿಮಗೂ ತಿಳಿಸುತ್ತೇನೆ. ಅಲ್ಲಿಯವರೆಗೆ ನಮಸ್ಕಾರ.